ಯಾರ ಕೈಯ ರೊಟ್ಟಿ

ನಮ್ಮ ಓಣಿಗೆ ಬೆಳಗಾಗುತ್ತಿದ್ದುದು ರೊಟ್ಟಿ ಬಡಿಯುವ ಸಪ್ಪಳದಿಂದ. ಬೆಳಗಾವಿಯ ಶಹಾಪುರದ ಕಡೆಯ ಆ ಓಣಿಯಲ್ಲಿ ಮನೆಗಳು ಒಂದರ ಗೋಡೆಗೆ ಒಂದು ಆತುಕೊಂಡಿದ್ದವು. ಯಾರ ಮನೆಯ ಒಲೆ ಹೊತ್ತಿತು, ಯಾರು ಇನ್ನೂ ಕೌದಿಯೊಳಗಿದ್ದಾರೆ ಎಂಬುದನ್ನು ಹಾಸಿಗೆಯಲ್ಲಿ ಮಲಗಿಯೇ ಹೇಳಬಹುದಿತ್ತು. ಒಬ್ಬೊಬ್ಬ ಹೆಂಗಸಿನ ಕೈಗೆ ಒಂದೊಂದು ನಡೆ. ಮೂಲೆಮನೆಯ ಬಸವ್ವನದು ಅವಸರದ ಕೈ, ರೊಟ್ಟಿ ಬಡಿಯುತ್ತಿದ್ದಾಳೋ ರೊಟ್ಟಿಗೆ ಬಡಿಯುತ್ತಿದ್ದಾಳೋ ತಿಳಿಯುತ್ತಿರಲಿಲ್ಲ. ಎದುರುಮನೆಯ ಸೊಸೆಯ ಬಡಿತ ಜಗಳವಾದ ಮರುದಿನ ಜೋರಾಗುತ್ತಿತ್ತು, ಅತ್ತೆಗೆ ಕೇಳಲಿ ಅಂತಲೇ. ನಮ್ಮ ಮನೆಯ ಸಪ್ಪಳ ಮಾತ್ರ ಬಾಗಿಲು ಮುಚ್ಚಿದ ಮೇಲೆ ಶುರುವಾಗುತ್ತಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಅಡುಗೆಮನೆಯ ಹೊಸ್ತಿಲಿಗೆ ಅಡ್ಡವಾಗಿ ಕೂತು, ಮುಂಗೈಗೆಲ್ಲ ಒಂದಿಷ್ಟು ಹಿಟ್ಟು ಸವರಿಕೊಳ್ಳುತ್ತಿದ್ದಳು. ಯಾರಾದರೂ ಬೆಂಕಿ ಕೇಳಿಕೊಂಡು, ಮಜ್ಜಿಗೆ ಕೇಳಿಕೊಂಡು ಬಂದರೆ ಅವಳು ಏಳುತ್ತಿದ್ದಳು, ಈಗಷ್ಟೇ ರೊಟ್ಟಿ ಬಿಟ್ಟು ಎದ್ದವಳ ಹಾಗೆ. ಒಳಗೆ ಹಿಟ್ಟು ನಾದುವ ಮರದ ಕೊಣಮಿಗೆಯ ಮುಂದೆ ಮಂಡಿ ಊರಿ ಕೂತು ಬಡಿಯುತ್ತಿದ್ದವನು ನಾನು.

ಗೋಡೆಯಾಚೆ ಫಾತಿಮಾ ಖಾಲಾ ಇದ್ದಳು. ಅವಳ ಗಂಡ ಪೇಟೆಯಲ್ಲಿ ಬಳೆ ಮಾರುತ್ತಿದ್ದ. ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಗೋಡೆಯ ಮೇಲಿಂದ ಆಯಿಯನ್ನು ಕೆಣಕುವುದು ಅವಳ ದಿನದ ಮೊದಲ ಕೆಲಸ.

“ಆಯೀ, ಏನ್ ತಾಕತ್ತರೀ ನಿಮ್ದು! ಈ ವಯಸ್ಸಿನ್ಯಾಗ ಗೋಡಿ ನಡಗತೈತಿ ನೋಡ್ರಿ!”

“ಜೋಳದ ಗುಣ ನಮ್ಮವ್ವ. ನೀನೂ ಎರಡು ತಿನ್ನು, ನಿನಗೂ ಬರ್ತೈತಿ.”

“ತಿಂತೀನಲ್ಲಾ, ಕೊಡ್ರಿ. ಬಡದವರ ಕೈಲೇ ಕಳಸ್ರಿ.”

ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಖಾಲಾ ಆ ಮಾತನ್ನು ಓಣಿಯಲ್ಲಿ ಎಂದೂ ಆಡಲಿಲ್ಲ. ಅಷ್ಟು ದೊಡ್ಡ ಬಾಯಿಯ ಹೆಂಗಸು ಅಷ್ಟು ಸಣ್ಣ ಗುಟ್ಟನ್ನು ಅಷ್ಟು ವರ್ಷ ಹೇಗೆ ಹಿಡಿದಿಟ್ಟಳೋ ನಾನರಿಯೆ.

ಇದಕ್ಕೆಲ್ಲ ಕಾರಣ ಅವ್ವನ ಕೈ. ನಾನು ಸಾಲಿಗೆ ಹೋಗುತ್ತಿದ್ದಾಗಲೇ ಅವಳ ಬೆರಳ ಸಂದುಗಳು ಬಾತುಕೊಳ್ಳತೊಡಗಿದವು. ಮೊದಮೊದಲು ಚಳಿಗಾಲದಲ್ಲಿ, ಆಮೇಲೆ ಎಲ್ಲ ಕಾಲದಲ್ಲಿ. ಎಣ್ಣೆ ಹಚ್ಚಿದೆವು, ಎಕ್ಕೆಯ ಎಲೆ ಕಾಯಿಸಿ ಕಟ್ಟಿದೆವು, ಡಾಕ್ಟರ ಗುಳಿಗೆಯೂ ಆಯಿತು. ಒಂದು ದಿನ ಅವಳು ಬಡಿದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಲು ಹೋದಾಗ ಅದು ಕೈಯಿಂದ ಜಾರಿ ಬೂದಿಯಲ್ಲಿ ಬಿತ್ತು. ಅವಳು ಅದನ್ನು ಎತ್ತಲಿಲ್ಲ. ಸುಮ್ಮನೆ ನೋಡುತ್ತ ಕೂತಳು. ಆಯಿಗೆ ಕಣ್ಣು ಮಂಜು, ಒಲೆಯ ಹೊಗೆ ತಾಳುತ್ತಿರಲಿಲ್ಲ. ಉಳಿದವಳು ಅಕ್ಕ ನೀಲಾ. ಓಣಿಯ ಯಾವ ಮನೆಯಾದರೂ ಇಲ್ಲಿ ಯೋಚನೆಯೇ ಮಾಡುತ್ತಿರಲಿಲ್ಲ, ಹುಡುಗಿಯ ಸಾಲಿ ಬಿಡಿಸುತ್ತಿತ್ತು. ಅಪ್ಪನೂ ಅದನ್ನೇ ಹೇಳಿದ. ಅಕ್ಕ ಆಗ ಎಸ್ಸೆಸ್ಸೆಲ್ಸಿಯಲ್ಲಿದ್ದಳು, ಮೊದಲ ಬೆಂಚಿನವಳು. ನಾನು ಏಳನೆಯ ಇಯತ್ತೆಯಲ್ಲಿ ಎರಡನೆಯ ಸಲ ಕೂತಿದ್ದೆ. ಭಾಗಾಕಾರ ಎಂದರೆ ನನಗೆ ಚಳಿಜ್ವರ. ಆದರೆ ಅವ್ವನ ಪಕ್ಕ ಕೂತು ಸೊಪ್ಪು ಸೋಸುವುದು, ಒಲೆಯ ಉರಿ ಹೆಚ್ಚುಕಡಿಮೆ ಮಾಡುವುದು ನನಗೆ ಬೇಸರವಿಲ್ಲದ ಕೆಲಸ. ಇದನ್ನೆಲ್ಲ ಆಯಿ ಕಂಡಿದ್ದಳು. ಆ ಸಂಜೆ ಮನೆಯವರೆಲ್ಲ ಪೂಜೆಗೆ ಕೂತಿದ್ದೆವು. ನಮ್ಮಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಎಲ್ಲರ ಕೊರಳಲ್ಲೂ ಲಿಂಗ. ಪೂಜೆಯ ಹೊತ್ತಿಗೆ ಎಲ್ಲರೂ ಅವರವರ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತೇವೆ. ಪೂಜೆ ಮುಗಿದು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಳ್ಳುತ್ತ ಆಯಿ ಮಾತು ತೆಗೆದಳು.

“ಶಿವಪ್ಪಾ, ಅಂಗೈಯಾಗ ಲಿಂಗ ಹಿಡಿಯೂ ಮುಂದ ಇಂವ ಗಂಡಸು, ಅಕಿ ಹೆಂಗಸು ಅಂತ ಐತೇನು?”

“ಇಲ್ಲ. ಯಾಕ?”

“ಮತ್ತ ಅದ ಅಂಗೈಯಾಗ ಹಿಟ್ಟು ಹಿಡಿಯೂ ಮುಂದ ಎಲ್ಲಿಂದ ಬಂತು? ಅಕಿ ತಲಿ ಸಾಲ್ಯಾಗ ಐತಿ. ಇವನ ಕೈ ಮನ್ಯಾಗ ಐತಿ. ಇದ್ದಲ್ಲೇ ಇರಲಿ ಬಿಡು.”

“ಮಂದಿ ಏನಂತಾರವ್ವ?”

“ಶರಣರ ಕಾಲದಾಗೂ ಮಂದಿ ಅಂದಿದ್ರು. ಅಂದವರು ಹೋದ್ರು, ಕಾಯಕ ಉಳೀತು.”

ತಾಯಿಗೆ ಎದುರು ಹೇಳುವ ಮಗ ಅಪ್ಪನಲ್ಲ. ಒಪ್ಪಿದ. ಆದರೆ ಒಂದು ಕರಾರು ಹಾಕಿದ: ಈ ವಿಷಯ ಹೊಸ್ತಿಲು ದಾಟಕೂಡದು. ಹೊರಗೆ ಅವನು ಹೇಳುತ್ತಿದ್ದುದು, ಹುಡುಗನಿಗೆ ಓದು ಹತ್ತಲಿಲ್ಲ, ನನ್ನ ಕೈಕೆಳಗೆ ಹಮಾಲಿ ಕಲಿಯುತ್ತಿದ್ದಾನೆ ಅಂತ. ಅದು ಸುಳ್ಳೂ ಅಲ್ಲ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ನಾನು ಅಪ್ಪನ ಜೊತೆ ಲಾರಿ ತುಂಬಲು ಹೋಗುತ್ತಿದ್ದೆ. ಎರಡೂ ಕೆಲಸದಲ್ಲಿ ನನ್ನ ಕೈ ಗಟ್ಟಿಯಾಯಿತು.

ಕಲಿತದ್ದು ಹೀಗೆ: ಬಾಯಿ ಅವ್ವನದು, ಕೈ ನನ್ನದು. ಅವಳು ಗೋಡೆಗೆ ಒರಗಿ, ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಹೇಳುತ್ತಿದ್ದಳು. ಎಸರು ಕೊತಕೊತ ಕುದಿಯಬೇಕು, ಆಮೇಲೆ ಹಿಟ್ಟು. ನಾದುವಾಗ ಹಿಟ್ಟಿನ ಮೇಲೆ ಸಿಟ್ಟು ತೋರಿಸಬೇಕು, ಬಡಿಯುವಾಗ ಸಿಟ್ಟು ಬಿಡಬೇಕು. ನಾನು ಮೊದಲು ಉಲ್ಟಾ ಮಾಡುತ್ತಿದ್ದೆ. ರೊಟ್ಟಿಯ ಅಂಚು ಸೀಳುತ್ತಿತ್ತು, ನಡುವೆ ತೂತು ಬೀಳುತ್ತಿತ್ತು. “ಅದೇನು ನಿನ್ನ ವೈರಿಯೇನೋ? ಅಂಗೈ ಇಡು, ಬಡೀಬ್ಯಾಡ. ತಿರುಗಲಿ. ತಾನ ತಿರುಗತೈತಿ,” ಎನ್ನುತ್ತಿದ್ದಳು. ಒಂದು ದಿನ ಅದು ನಿಜವಾಗಿ ತಾನೇ ತಿರುಗಿತು. ಕೈಯ ಕೆಳಗೆ ಹಿಟ್ಟು ಹರಡುತ್ತ, ಸುತ್ತುತ್ತ, ತೆಳ್ಳಗಾಗುತ್ತ ಹೋದ ಆ ಗಳಿಗೆ ಇವತ್ತಿಗೂ ನನ್ನ ಅಂಗೈಯಲ್ಲಿದೆ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಕೆಂಡದ ಮಗ್ಗುಲಿಗೆ ನಿಲ್ಲಿಸಿದೆ. ರೊಟ್ಟಿ ಉಬ್ಬಿ ಎರಡು ಪದರಾಯಿತು. ಅವ್ವ ಮಡಿಲಿಂದ ಕೈ ತೆಗೆದು ನನ್ನ ಬೆನ್ನ ಮೇಲಿಟ್ಟಳು. ಆಮೇಲೆ ತನಗೆ ಅಳು ಬರಬಾರದೆಂದು ಬೈದಳು, “ಉರಿ ಕಡಿಮಿ ಮಾಡೋ ಹುಚ್ಚಾ” ಅಂತ.

ಅಪ್ಪ ಹಳೆಯ ಪೈಲವಾನ. ಕುಸ್ತಿ ಬಿಟ್ಟು ವರ್ಷಗಳಾಗಿದ್ದರೂ ದಿನಾ ಸಂಜೆ ತಾಲೀಮಿಗೆ, ಅಂದರೆ ಗರಡಿಮನೆಗೆ, ಹೋಗುವುದನ್ನು ಬಿಟ್ಟಿರಲಿಲ್ಲ. ನನ್ನನ್ನೂ ಕರೆದೊಯ್ಯುತ್ತಿದ್ದ. ಅಲ್ಲಿ ಹೆಂಗಸರಿಗೆ ಪ್ರವೇಶವಿಲ್ಲ. ಹೀಗಾಗಿ ಅಲ್ಲಿಯ ಕೆಲಸವೆಲ್ಲ ಗಂಡಸರದೇ: ಕಸ ಹೊಡೆಯುವುದು, ನೀರು ಸೇದುವುದು, ದೀಪ ಹಚ್ಚುವುದು. ನಾಲ್ಕು ಮಂದಿ ಗಟ್ಟಿಗರು ಕಲ್ಲಿನ ಮುಂದೆ ಕೂತು ಬದಾಮಿ ಅರೆದು ಹಾಲಿಗೆ ಬೆರೆಸುತ್ತಿದ್ದರು. ಅಖಾಡದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ನಿಂಬೆಹುಳಿ, ಅರಿಷಿಣ ಹಾಕಿ ಕಾಲು ಕೈಗಳಿಂದ ನಾದುತ್ತಿದ್ದರು. ನಾನು ನೋಡುತ್ತ ನಿಲ್ಲುತ್ತಿದ್ದೆ. ಮಣ್ಣು ಕಲಸಿದರೆ ಗಂಡಸು, ಹಿಟ್ಟು ಕಲಸಿದರೆ ಹೆಂಗಸು. ಬದಾಮಿ ಅರೆದರೆ ಪೈಲವಾನ, ಚಟ್ನಿ ಅರೆದರೆ ಹೇಡಿ. ಕಲ್ಲು ಅದೇ, ರಟ್ಟೆ ಅದೇ. ಯಾರು ನೋಡುತ್ತಿದ್ದಾರೆ ಎನ್ನುವುದಷ್ಟೇ ಬೇರೆ. ಇದನ್ನು ಅಪ್ಪನಿಗೆ ಹೇಳುವ ಧೈರ್ಯ ಆಗಿರಲಿಲ್ಲ. ಅಪ್ಪ ನನ್ನ ರೊಟ್ಟಿಯನ್ನು ದಿನಕ್ಕೆ ಎರಡು ಹೊತ್ತು ತಿನ್ನುತ್ತಿದ್ದ, ಆಯಿ ಬಡಿಸುತ್ತಿದ್ದಳು. ನಾನು ಮುಂದೆ ಬಂದು ಬಡಿಸಿದ್ದೇ ಇಲ್ಲ. ಚೆನ್ನಾಗಿದೆ ಎಂದು ಅವನು ಹೇಳಿದ್ದೂ ಇಲ್ಲ, ಚೆನ್ನಾಗಿಲ್ಲ ಎಂದದ್ದೂ ಇಲ್ಲ. ಆ ಮಾತಿಗಾಗಿ ನಾನು ಎಷ್ಟು ಕಾದಿದ್ದೆ ಎನ್ನುವುದು ನನಗೆ ಮಾತ್ರ ಗೊತ್ತು.

ಇಷ್ಟರಲ್ಲಿ ಅಕ್ಕ ಎಸ್ಸೆಸ್ಸೆಲ್ಸಿ ಪಾಸಾದಳು, ಮಾಸ್ತರಿಕೆಯ ತರಬೇತಿಯನ್ನೂ ಮುಗಿಸಿದಳು. ಆ ವರ್ಷವೇ ಖಾನಾಪುರದ ಪ್ರಸಂಗ ನಡೆದದ್ದು.

ಖಾನಾಪುರಕ್ಕೆ ನಾವು ಹಂಚು ತರಲು ಹೋಗುತ್ತಿದ್ದೆವು, ಮನೆಯ ಮಾಡಿಗೆ ಹೊದಿಸುವ ಕೆಂಪು ಹಂಚು. ಬೆಳಗಾವಿಯಿಂದ ಲಾರಿ ಒಯ್ದು, ತುಂಬಿ, ಸಂಜೆಯೊಳಗೆ ತಿರುಗಿ ಬರುವುದು. ಅಲ್ಲಿ ಹಂಚಿನ ವ್ಯಾಪಾರದ ರುದ್ರಪ್ಪನವರ ವಖಾರಿಗೆ ತಾಗಿಯೇ ಅವರ ಮನೆ. ಆ ದಿನ ತುಂಬುವ ಕೆಲಸ ಮುಗಿದು ಅಪ್ಪ, ನಾನು ಅವರ ಹಿತ್ತಲ ಹಲಸಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ರುದ್ರಪ್ಪನವರ ಅತ್ತಿಗೆ ಪಾರವ್ವ ಮಜ್ಜಿಗೆ ತಂದರು. ಗಂಡ ತೀರಿಕೊಂಡ ಹೆಂಗಸು, ಒಬ್ಬ ಮಗ ಅಲ್ಲೇ ಪೋಸ್ಟಿನಲ್ಲಿ ಕೆಲಸಕ್ಕಿದ್ದ. ಮಜ್ಜಿಗೆ ಇಟ್ಟು ಹೋಗಬೇಕಾದವರು ಹೋಗಲಿಲ್ಲ. ಬುತ್ತಿಯನ್ನೇ ನೋಡುತ್ತ ನಿಂತರು.

“ಬಿಳಿಜೋಳದ್ದೇನ್ರಿ?”

“ಹೌದ್ರಿ ಅವ್ವಾರ. ತಗೊಳ್ರಿ ಎರಡು,” ಎಂದು ಅಪ್ಪ ರೊಟ್ಟಿ ಮುಂದೆ ಚಾಚಿದ.

ಅವರು ನಾಚಿಕೊಳ್ಳದೆ ತೆಗೆದುಕೊಂಡರು. ನಿಂತಲ್ಲೇ ಒಂದು ತುಂಡು ಮುರಿದು ಬಾಯಿಗಿಟ್ಟರು. ಮುದುಕಿಯ ಕಣ್ಣು ಮುಚ್ಚಿತು.

“ನನ್ನ ತವರು ಬೈಲಹೊಂಗಲದ ಕಡೆ, ಎರಿಸೀಮಿ, ಜೋಳ ಬೆಳಿಯೂ ಕರಿ ನೆಲ. ಇಲ್ಲಿಗೆ ಬಂದ ಮ್ಯಾಲೆ ಅಕ್ಕಿ, ಅಕ್ಕಿ, ಬರೇ ಅಕ್ಕಿ. ಭಾಕರಿ ಅಂತ ರೊಟ್ಟಿ ಮಾಡಿದ್ರೂ ಅಕ್ಕೀದ. ನನ್ನ ಕೈಯಾಗ ಈಗ ತ್ರಾಣ ಇಲ್ಲ, ಈ ಊರ ಹುಡುಗ್ಯಾರಿಗೆ ಜೋಳದ ಹಿಟ್ಟಿನ ಗುಣ ತಿಳಿಯಂಗಿಲ್ಲ. ಯಾರ್ರಿ ಪೈಲವಾನ್ರ, ಇದನ್ನ ಬಡದವರು?”

ಅಪ್ಪನ ಕೈ ತುತ್ತಿನ ನಡುವೆ ನಿಂತಿತು. ಒಮ್ಮೆ ನನ್ನ ಕಡೆ ನೋಡಿದ. ನಾನೂ ನೋಡಿದೆ. ಅವ್ವ ಎನ್ನಬಹುದಿತ್ತು, ಆಯಿ ಎನ್ನಬಹುದಿತ್ತು. ಯಾಕೋ ಅವನ ಬಾಯಿಗೆ ಬಂದದ್ದು ಬೇರೆ.

“ನಮ್ಮ ಹುಡುಗಿರಿ. ನೀಲಾ.”

“ಲಗ್ನ ಆಗೈತೇನ್ರಿ?”

ಅಲ್ಲಿಂದ ಶುರುವಾಯಿತು. ಸಂಬಂಧ ಕೂಡಿಸುವ ಚನ್ನಪ್ಪ ಕಾಕಾ ಎರಡು ಸಲ ಬಂದುಹೋದ. ಹುಡುಗ ಒಳ್ಳೆಯವನು, ಸರಕಾರಿ ನೌಕರಿ, ಕುಡಿತವಿಲ್ಲ. ಖಾನಾಪುರದ ಬಾಜು ಹಳ್ಳಿಗಳಲ್ಲಿ ಕನ್ನಡ ಸಾಲಿಗೆ ಟೀಚರು ಬೇಕಾಗಿದ್ದಾರೆ, ಲಗ್ನವಾದ ಮೇಲೆ ಹುಡುಗಿ ಕಲಿಸಲು ಹೋಗಬಹುದು ಎಂದೂ ಹೇಳಿಕಳಿಸಿದ್ದರು. ಅಕ್ಕನ ಮುಖ ಅರಳಿದ್ದು ಆ ಮಾತಿಗೆ. ಅದಕ್ಕೂ ಮೊದಲು ಬಂದ ಎರಡು ಮನೆಯವರು ನೌಕರಿಯ ಮಾತು ಬಂದ ಕೂಡಲೇ ಚಹಾ ಅರ್ಧಕ್ಕೆ ಬಿಟ್ಟು ಎದ್ದಿದ್ದರು. ಹೀಗಾಗಿ ಈ ಸಂಬಂಧ ಅವಳಿಗೆ ಬೇಕಿತ್ತು. ರೊಟ್ಟಿಯ ಕಥೆ ಕೇಳಿದ ದಿನ ಅವಳು ಅಡುಗೆಮನೆಗೆ ಬಂದು ಸೆರಗು ಕಟ್ಟಿ ನನ್ನ ಮುಂದೆ ಕೂತಳು.

“ಕಲಿಸೋ ಈರಣ್ಣ. ಬರೋ ಐತಾರದೊಳಗ ಕಲಿಸಬೇಕು.”

ಕಲಿಸಿದೆ. ಸಾಲಿಯಲ್ಲಿ ಯಾವುದರಲ್ಲೂ ಸೋಲದ ಹುಡುಗಿ ರೊಟ್ಟಿಯಲ್ಲಿ ಸೋತಳು. ಕೈ ಇಟ್ಟಲ್ಲಿ ಹಿಟ್ಟು ಅಂಟುತ್ತಿತ್ತು, ಎತ್ತಿದರೆ ಹರಿಯುತ್ತಿತ್ತು. ಒಂದೊಂದನ್ನೂ ಎತ್ತಿ ಹಿಡಿದು, “ಇದು ಗೋವಾ. ಇದು ಕೊಡಗು. ಇದು ನೋಡು, ಸಿಲೋನ,” ಎಂದು ತಾನೇ ನಗುತ್ತಿದ್ದಳು. ಅವ್ವ ಮಾತ್ರ ನಗಲಿಲ್ಲ.

“ಸಿಲೋನ ತಿಂದು ಹೊಟ್ಟಿ ತುಂಬತೈತೇನವ್ವ? ಅವರು ರೊಟ್ಟಿ ಸಲುವಾಗಿ ಬರಾಕತ್ತಾರ.”

ಬರುವ ದಿನಕ್ಕೆ ಅಪ್ಪನೇ ಉಪಾಯ ಹೂಡಿದ. ಪಾರವ್ವ ಮೊದಲೇ ಹೇಳಿಕಳಿಸಿದ್ದರು, ಚಹಾ ಅವಲಕ್ಕಿ ಬೇಡ, ಬಿಸಿ ರೊಟ್ಟಿಯ ಊಟವೇ ಆಗಬೇಕು ಅಂತ. ಉಪಾಯ ಹೀಗೆ: ನಾನು ಅಡುಗೆಮನೆಯ ಕದ ಓರೆ ಮಾಡಿ ಬಡಿಯಬೇಕು. ಅಕ್ಕ ಬಡಿಸಲು ಹೊರಗೆ ಹೋದಾಗ ಕೈ ಎತ್ತಬೇಕು, ಅವಳು ಒಳಗೆ ಬಂದ ಮೇಲೆ ಮತ್ತೆ ಬಡಿಯಬೇಕು. ಇಲ್ಲದಿದ್ದರೆ ಹುಡುಗಿ ಹೊರಗೆ, ಸಪ್ಪಳ ಒಳಗೆ ಆಗುತ್ತದೆ.

ಬಂದವರು ಪಾರವ್ವ, ಅವರ ಮಗ, ರುದ್ರಪ್ಪ, ಜೊತೆಗೆ ಚನ್ನಪ್ಪ ಕಾಕಾ. ಪಡಸಾಲೆಯಲ್ಲಿ ಕಂಬಳಿ ಹಾಸಿದ್ದೆವು. ಅಕ್ಕ ಹೊರಗೆ ಹೋಗುತ್ತಿದ್ದಳು, ನಾನು ಹಂಚಿನ ಮುಂದೆ ಕೈ ಎತ್ತಿ ಕೂರುತ್ತಿದ್ದೆ. ಅವಳು ಬಂದು “ಹೂಂ” ಎನ್ನುತ್ತಿದ್ದಳು, ನಾನು ಬಡಿಯುತ್ತಿದ್ದೆ. ಅವಳ ಹಣೆಯಲ್ಲಿ ನನಗಿಂತ ಹೆಚ್ಚು ಬೆವರು. ಗೋಡೆಯಾಚೆ ಫಾತಿಮಾ ಖಾಲಾ ಕೆಮ್ಮಿದ್ದು ಕೇಳಿಸಿತು, ನಗು ತಡೆಯುವವರ ಕೆಮ್ಮು. ಹೊರಗೆ ಪಾರವ್ವನ ದನಿ: “ಇನ್ನೊಂದು ತಾ ತಂಗಿ. ಇನ್ನೊಂದು.” ನನಗೆ ಒಳಗೆ ಹೆಮ್ಮೆಯೂ ಆಗುತ್ತಿತ್ತು, ಕಳ್ಳನಂತೆ ಎದೆಯೂ ಬಡಿದುಕೊಳ್ಳುತ್ತಿತ್ತು. ಕದದ ಸಂದಿಯಿಂದ ಎಲ್ಲ ಕಾಣುತ್ತಿತ್ತು. ಊಟ ಮುಗಿದ ಮೇಲೆ ಪಾರವ್ವ ಅಕ್ಕನನ್ನು ಹತ್ತಿರ ಕರೆದು, ಅವಳ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು.

“ನನ್ನವ್ವನ ಕೈ ಇದು. ಮೂವತ್ತು ವರ್ಷದ ಮ್ಯಾಲೆ ಸಿಕ್ಕೈತಿ. ಇಕೀನ ನನ್ನ ಸೊಸಿ.”

ಅಪ್ಪನ ಮುಖದಲ್ಲಿ ಕುಸ್ತಿ ಗೆದ್ದವನ ಕಳೆ. ಚನ್ನಪ್ಪ ಕಾಕಾ ಆಗಲೇ ಎಲೆ ಅಡಿಕೆಯ ತಟ್ಟೆಗೆ ಕೈ ಹಾಕಿದ್ದ. ಅಕ್ಕ ಮಾತ್ರ ತನ್ನ ಕೈಗಳನ್ನು ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಬಿಡಿಸಿಕೊಂಡಳು.

“ಅತ್ತಿ, ಇವು ನನ್ನ ಕೈ ರೊಟ್ಟಿ ಅಲ್ರಿ.”

“ಹುಡುಗಿ ಅಂಜೈತ್ರಿ,” ಎಂದಳು ಆಯಿ, ಥಟ್ಟನೆ.

“ನೀಲಾ, ಒಳಗ ನಡಿ,” ಎಂದ ಅಪ್ಪ.

“ನಡೀತೀನಪ್ಪ, ಹೇಳೇ ನಡೀತೀನಿ. ರೊಟ್ಟಿ ನಮ್ಮ ತಮ್ಮ ಬಡದಾನ್ರಿ ಅತ್ತಿ. ಇವತ್ತಷ್ಟ ಅಲ್ಲ, ದಿನಾ ಅಂವನ ಬಡೀತಾನ. ಅಂವ ಸಾಲಿ ಬಿಟ್ಟು ಒಲಿ ಮುಂದ ಕುಂತಾನಂತ ನಾ ಓದೇನಿ. ರೊಟ್ಟಿ ನಾನೂ ಕಲೀತೀನಿ, ಬೈಸಿಕೊಂಡು ಕಲೀತೀನಿ. ಆದರ ಅಂವನ ರೊಟ್ಟಿ ಮ್ಯಾಲೆ ನಾ ನಿಮ್ಮ ಮನಿಗೆ ಬರೂದಿಲ್ಲ.”

ಮೊದಲು ನಕ್ಕವರು ರುದ್ರಪ್ಪ.

“ಏನ್ರಿ ಪೈಲವಾನ್ರ, ಮಗನ್ನ ಒಲಿ ಮುಂದ ಕುಂದರಿಸೀರಿ? ಮತ್ತ ಕೈಗೆ ಬಳಿ ಇಡಿಸೂದು ಯಾಕ ಬಿಟ್ರಿ? ಬಾಜು ಮನ್ಯಾಗ ಬಳಿಗಾರ ಇದ್ದಾನಂತಲ್ಲ!”

ಅಪ್ಪ, ಎಂಥೆಂಥವರನ್ನೋ ಮಣ್ಣಿಗೆ ಹಾಕಿದವನು ತನ್ನ ಮನೆಯ ಪಡಸಾಲೆಯಲ್ಲಿ ತಲೆ ಕೆಳಗೆ ಹಾಕಿ ಕೂತ. ಅಷ್ಟರಲ್ಲಿ ಪಾರವ್ವ ಎದ್ದು, ಯಾರನ್ನೂ ಕೇಳದೆ ಅಡುಗೆಮನೆಯ ಕದ ನೂಕಿದರು. ನಾನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಎದ್ದು ನಿಂತೆ.

“ನೀನೇನೋ?”

“ಹೌದ್ರಿ.”

“ಕುಂದರು. ನನ್ನ ಮುಂದ ಒಂದು ಬಡಿ.”

ಕೂತೆ. ಕದ ಪೂರ್ತಿ ತೆರೆದಿತ್ತು, ಪಡಸಾಲೆಯವರಿಗೆಲ್ಲ ನಾನು ಕಾಣುತ್ತಿದ್ದೆ. ಹಿಟ್ಟು ಹಿಡಿದೆ. ಯಾರೂ ಒಳಗೆ ಬರುವುದಕ್ಕೆ ಕಾಯದೆ, ತಡೆಯದೆ, ಮೊದಲ ಸಲ ಒಂದೇ ನಡೆಯಲ್ಲಿ ರೊಟ್ಟಿ ಬಡಿದೆ. ಬೇಯಿಸಿದೆ. ಉಬ್ಬಿತು. ಪಾರವ್ವ ತಾಟು ಕೇಳಲಿಲ್ಲ. ಒಲೆಯ ಮುಂದೆ ನೆಲಕ್ಕೇ ಕೂತು, ಕೈ ಸುಡುತ್ತಿದ್ದ ರೊಟ್ಟಿಯನ್ನು ಈ ಕೈಯಿಂದ ಆ ಕೈಗೆ ಹಾಕುತ್ತ ಪೂರ್ತಿ ತಿಂದರು.

“ನಿಮ್ಮಪ್ಪ ಅವತ್ತ ಖರೇ ಹೇಳಿದ್ರ ನಾ ನಗತಿದ್ನಿ,” ಎಂದರು. “ನಕ್ಕರೂ ತಿಂತಿದ್ನಿ ಅನ್ನು. ನಿಮ್ಮಕ್ಕ ಹೇಳದ ಬಂದಿದ್ರ ನಿನ್ನ ರೊಟ್ಟಿ ನೆನಸಿ ನೆನಸಿ ಅಕೀನ್ನ ದಿನಾ ಬೈತಿದ್ನಿ. ಬೈಯಾಕ ನನಗ ಚಲೋ ಬರ್ತೈತಿ.” ಗೋಡೆಗೆ ಒರಗಿ ಕೂತಿದ್ದ ಅವ್ವನ ಕಡೆ ತಿರುಗಿ, ಅವಳ ಮಡಿಲಲ್ಲಿದ್ದ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದರು. “ಹುಡುಗಿ ನನಗ ಒಪ್ಪಿಗಿ ಐತಿ ತಂಗಿ. ಆದರ ನಮ್ಮ ಮನ್ಯಾಗ ಮಾತು ಅಂವಂದು.” ಗದ್ದದಿಂದ ಹೊರಗೆ, ಮೈದುನನ ಕಡೆ ತೋರಿಸಿದರು. ಅವರ ಮಗ ಬಂದಾಗಿನಿಂದ ಹೋಗುವವರೆಗೆ ಒಂದು ಮಾತೂ ಆಡಲಿಲ್ಲ. ಊಟ ಮಾತ್ರ ಚೆನ್ನಾಗಿ ಮಾಡಿದ್ದ.

ಚನ್ನಪ್ಪ ಕಾಕಾ ಕೆಲವೇ ದಿನಗಳಲ್ಲಿ ಉತ್ತರ ತಂದ. ಹೊಸ್ತಿಲಲ್ಲಿ ನಿಂತೇ ಹೇಳಿದ, ಹುಡುಗಿ ಚಲೋ, ಆದರೆ ಮನೆಯ ರೀತಿ ಸರಿ ಇಲ್ಲ ಎಂದು ಅವರ ಅಭಿಪ್ರಾಯ. ಅವನ ಹಿಂದೆಯೇ ಸುದ್ದಿಯೂ ಓಣಿಗೆ ಬಂತು. ನಾನು ಲಾರಿ ತುಂಬಲು ಹೋದಲ್ಲಿ ಒಬ್ಬ ಹಮಾಲ ಸೆರಗು ಹೊದ್ದಂತೆ ಟಾವೆಲ್ಲು ಹೊದ್ದು ನಡೆದು ತೋರಿಸಿದ. ಮರುದಿನ ನಾನು ಏಳಲಿಲ್ಲ. ಹಿಟ್ಟು ಹಾಗೇ ಇತ್ತು. ಅಕ್ಕನ ಲಗ್ನ ಕೆಡಿಸಿದ ಕೈ ಇದು ಎಂದು ನನಗೆ ಅನ್ನಿಸಿಬಿಟ್ಟಿತ್ತು. ಅವಳು ಬಂದು ಕೌದಿ ಎಳೆದಳು.

“ಏಳೋ. ಎಸರು ಕುದ್ಯಾಕತ್ತೈತಿ.”

“ನಾ ಬಡಿಯೂದಿಲ್ಲ. ನೀ ಯಾಕ ಹೇಳಿದಿ? ಬಾಯಿ ಮುಚಗೊಂಡಿದ್ರ ಇಷ್ಟೊತ್ತಿಗೆ ಸಾಲಿ, ಗಂಡ, ಎಲ್ಲಾ ಆಗಿರ್ತಿತ್ತು ನಿನಗ.”

“ಆಗಿರ್ತಿತ್ತು. ಅಲ್ಲಿ ಕುಂತು ದಿನಾ ನಿನ್ನ ಹೆಸರ ನುಂಗಬೇಕಾಗಿತ್ತು. ಈಗ ನೀ ಏಳಲಿಲ್ಲಂದ್ರ ನಾ ಹೇಳಿದ್ದಕ್ಕ ಏನು ಕಿಮ್ಮತ್ತು ಉಳೀತು?”

ಎದ್ದೆ. ಸಿಟ್ಟಿನಲ್ಲೇ ಬಡಿದೆ, ಅಂಚೆಲ್ಲ ಸೀಳಿದವು. ಅವಳು ಹರಿದವುಗಳನ್ನೇ ಆರಿಸಿ ತನ್ನ ಬುತ್ತಿಗೆ ಕಟ್ಟಿಕೊಂಡು ಹಿಂಡಲಗಾದ ಕಡೆಯ ಒಂದು ಸಾಲಿಗೆ ಅರ್ಜಿ ಕೊಡಲು ಹೋದಳು. ಆ ಕೆಲಸ ಅವಳಿಗೆ ಸಿಕ್ಕಿತು. ಲಗ್ನ ತಡವಾಗಿಯೇ ಆಯಿತು, ಅದೇ ಸಾಲಿಯ ಮಾಸ್ತರನ ಜೊತೆ. ಅವನಿಗೆ ತನ್ನ ಅಂಗಿ ತಾನೇ ಒಗೆದುಕೊಳ್ಳುವ ರೂಢಿ ಇತ್ತು. ನಾನು ಮುಂದೆ ಖಾನಾವಳಿ ಹಾಕಿ, ಬೆಳೆಸಿ, ನಾಲ್ಕು ಮನೆಗಳಿಗೆ ಅನ್ನ ಕೊಡುವಂತಾದೆ. ಅದು ಬೇರೆ ಮಾತು. ಸಾಲಿ ಬಿಟ್ಟವನೆಂದು ನನ್ನನ್ನು ಯಾರೂ ಮರುಕದಿಂದ ನೋಡಬೇಕಾಗಿಲ್ಲ. ಆದರೆ ನಾನು ನಾನಾದದ್ದು ಖಾನಾವಳಿಯ ಬೋರ್ಡು ಏರಿಸಿದ ದಿನ ಅಲ್ಲ. ಚನ್ನಪ್ಪ ಕಾಕಾ ಉತ್ತರ ತಂದ ಆ ವಾರವೇ, ತಾಲೀಮಿನಲ್ಲಿ.

ಆ ಸಂಜೆ ನಾನು ಹೋಗಲು ಒಲ್ಲೆ ಎಂದಿದ್ದೆ. ಅಪ್ಪ ನನ್ನ ಲಂಗೋಟಿಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಮುಂದೆ ನಡೆದ. ಹಿಂದೆ ಹೋಗಲೇಬೇಕಾಯಿತು. ಒಳಗೆ ಹತ್ತು ಹದಿನೈದು ಮಂದಿ ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅಪ್ಪನ ಹಳೆಯ ಜೋಡಿ ಮಾರುತಿ ಸುಮ್ಮನಿರುವ ಗಿರಾಕಿಯಲ್ಲ.

“ಬರ್ರಿ ಪೈಲವಾನ್ರ! ಖಾನಾಪುರದ ಸಂಬಂಧ ಏನಾತು? ರೊಟ್ಟಿ ಸರಿ ಬೇಯಲಿಲ್ಲ ಅಂತ ಸುದ್ದಿ!”

ನಗು ಎದ್ದಿತು. ನಾನು ಲಂಗೋಟಿ ಬಿಗಿದೆ. ಈಗ ಅಪ್ಪ ಸಿಟ್ಟಿಗೇಳುತ್ತಾನೆ, ಅವನ ಜೊತೆ ಮಣ್ಣಿಗೆ ಇಳಿ ಎಂದು ನನಗೆ ಹೇಳುತ್ತಾನೆ, ನಾನು ಮಾರುತಿಯನ್ನೋ ಅವನ ಮಗನನ್ನೋ ಚಿತ್ ಮಾಡಿ ಗಂಡಸು ಎಂದು ತೋರಿಸಬೇಕಾಗುತ್ತದೆ ಎಂದುಕೊಂಡೆ. ಅದಕ್ಕೆ ತಯಾರೂ ಆದೆ. ಅಪ್ಪ ನನ್ನ ಕಡೆ ನೋಡದೆಯೇ ಅಂಗಿ ಕಳಚಿದ, ಧೋತರ ಕಳಚಿ ಗೂಟಕ್ಕೆ ಹಾಕಿದ. ಅಖಾಡದ ನಡುವೆ ಹೋಗಿ ನಿಂತ. ಐವತ್ತು ದಾಟಿದ ಮೈ, ಆದರೂ ತೊಡೆ ಕಡೆದಿಟ್ಟಂತೆ.

“ಬೆಂದಿತ್ತು ಮಾರುತಿ. ಚಲೋ ಬೆಂದಿತ್ತು. ನಮ್ಮ ಈರಣ್ಣ ಬಡೀತಾನ ರೊಟ್ಟಿ. ಗಂಡಹುಡುಗ ಬಡೀತಾನಂತ ಅವರು ಬ್ಯಾಡ ಅಂದ್ರು. ಅಂದ್ರ ಅನ್ಲಿ. ಖಾನಾಪುರದ ಅವ್ವಾರ ಮುಂದ ಖರೇ ಹೇಳಾಕ ನನಗ ಬಾಯಿ ಬರಲಿಲ್ಲ, ನನ್ನ ಮಗಳಿಗೆ ಬಂತು. ಇಲ್ಲಿ ನಾ ಹೇಳ್ತೀನಿ, ಕೇಳ್ರಿ. ಇಷ್ಟು ವರ್ಷ ನಾ ತಿಂದಿದ್ದು ಇವನ ಕೈ ರೊಟ್ಟಿ, ಮುಂಜಾನಿ, ಸಂಜಿ, ಎರಡೂ ಹೊತ್ತು. ಅಂಥಾ ರೊಟ್ಟಿ ನಾ ಎಲ್ಲೂ ತಿಂದಿಲ್ಲ.” ಎರಡೂ ಕೈ ಅಗಲಿಸಿದ. “ಈ ಮೈ ಅದರದ. ಬರ್ರಿ, ಯಾರರ ಬಂದು ಮುಟ್ಟಿ ನೋಡ್ರಿ. ಎಲ್ಲಿ ಕಡಿಮಿ ಆಗೇನಿ ಹೇಳ್ರಿ.”

ಹಾಗೇ ಕೈ ಅಗಲಿಸಿಕೊಂಡು ನಿಂತಿದ್ದ. ಯಾರೂ ಮುಂದೆ ಬರಲಿಲ್ಲ.